ಪಾಚಿಯಣ್ಣನ ಸಿಟ್ಟು

ಪಾಚಿಯಣ್ಣನಿಗೆ ಸಿಟ್ಟು ಬರಲು ಕಾರಣ ಬೇಕಾಗಿರಲಿಲ್ಲ. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಆಕಾಶ ಹಿಂಡದ ಬಟ್ಟೆಯ ಹಾಗೆ ಜೋತುಬಿದ್ದಿರುತ್ತಿತ್ತು; ಅಲ್ಲಿಗೇ ಶುರು. "ಇವತ್ತೂ ಬಿಸಿಲಿಲ್ಲ, ಹಾಳಾಗ್ ಹೋಗ್ಲಿ" ಎಂದು ಆಕಾಶಕ್ಕೆ ಬೈದು, ಒಣಗದ ಪ್ಯಾಂಟಿಗೆ ಬೈದು, ತುಕ್ಕು ಹಿಡಿದ ಸೈಕಲ್ ಚೈನಿಗೆ ಬೈದು, ಆಮೇಲೆ ಟೀ ಕುಡಿಯುತ್ತಿದ್ದ. ಆ ಊರಿನಲ್ಲಿ ವರ್ಷದ ಎಂಟು ತಿಂಗಳು ಗೋಡೆಗಳು ಬೆವರುತ್ತವೆ. ಚಪ್ಪಲಿಯನ್ನು ನಾಲ್ಕು ದಿನ ಮೂಲೆಯಲ್ಲಿ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಮನೆಗಳ ಮುಂದೆ, ಗೇಟಿನಿಂದ ಕಾರು ನಿಲ್ಲಿಸುವ ಜಾಗದವರೆಗೆ ಹಾಸಿದ ಕಲ್ಲಿನ ಮೇಲೆ ಹಸಿರು ಪಾಚಿ ಕಟ್ಟಿ, ಕಾಲಿಟ್ಟರೆ ಜರ್ರನೆ ಜಾರುತ್ತದೆ. ಆ ಪಾಚಿಯನ್ನು ಕೆರೆದು ತೊಳೆಯುವುದೇ ಅವನ ಕಸುಬು. ಬಿಸಿಲಿಲ್ಲ ಎಂದು ಬೈಯುವುದೆಂದರೆ ತನ್ನ ಅನ್ನಕ್ಕೆ ತಾನೇ ಬೈದುಕೊಂಡ ಹಾಗೆ. ಇದನ್ನು ಯಾರಾದರೂ ಅವನ ಮುಖಕ್ಕೇ ಹೇಳಿದರೆ ಅವರಿಗೂ ಒಂದು ಪಾಲು ಸಿಗುತ್ತಿತ್ತು.

ಕೆಲಸದಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ಈಚೆಗೆ ನೀರು ಚಿಮ್ಮಿಸುವ ಮಷೀನು ಹಿಡಿದುಕೊಂಡು ಬರುವವರನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. "ಅರ್ಧ ಗಂಟೇಲಿ ಢರ್ ಅನ್ನಿಸಿ ಹೋಗ್ತಾರೆ. ಕಲ್ಲಿನ ಸಂದೀಲಿರೋ ಮರಳೆಲ್ಲ ಕಿತ್ಕೊಂಡು ಹೋಗತ್ತೆ. ಆರು ತಿಂಗಳಿಗೆ ಕಲ್ಲು ಅಲ್ಲಾಡತ್ತೆ. ಆಗ ಬರಲಿ ನನ್ನ ಹತ್ರ!" ಅವನ ಪದ್ಧತಿಯೇ ಬೇರೆ. ಮೊದಲು ಒಣ ಪೊರಕೆಯಲ್ಲಿ ಎಲೆ, ಕಡ್ಡಿ ಗುಡಿಸಬೇಕು. ಮೊಂಡು ಚಾಕುವಿನಿಂದ ಸಂದಿಗಳನ್ನು ಕೆರೆಯಬೇಕು. ಬ್ಲೀಚಿಂಗ್ ಪೌಡರ್ ಉದುರಿಸಿ, ಒಂದು ಬೀಡಿ ಸೇದುವಷ್ಟು ಹೊತ್ತು ಬಿಟ್ಟು, ಮೊಣಕಾಲಿಗೆ ಹಳೆ ಟೈರಿನ ತುಂಡು ಕಟ್ಟಿಕೊಂಡು ಕೂತು, ಗಟ್ಟಿ ನೀಲಿ ಎಳೆಯ ಬ್ರಷ್ಷಿನಿಂದ ಒಂದೊಂದೇ ಕಲ್ಲನ್ನು ಉಜ್ಜಬೇಕು. ಕೊನೆಗೆ ಉಳಿಯುವ ಹಸಿರು ರಾಡಿಯನ್ನು ಬಕೆಟ್ಟಿಗೆ ತುಂಬಿ ಹಿತ್ತಲಿನ ಗುಂಡಿಗೆ ಸುರಿಯಬೇಕು. ಅದನ್ನು ಎಲ್ಲೆಂದರಲ್ಲಿ ಹರಿಯಬಿಟ್ಟರೆ ನಿಂತಲ್ಲೇ ಮತ್ತೆ ಪಾಚಿ ಹಿಡಿಯುತ್ತದೆ. "ಪಾಚಿ ತೆಗೆಯೋದು ಅರ್ಧ ಕೆಲ್ಸ. ರಾಡಿ ಎಲ್ಲಿ ಹಾಕ್ತೀಯ ಅನ್ನೋದು ಇನ್ನರ್ಧ" ಎಂದು ಕೇಳಿದವರಿಗೂ ಕೇಳದವರಿಗೂ ಉಪದೇಶ ಮಾಡುತ್ತಿದ್ದ.

ಅವನ ಬಾಯಿಯ ಕಥೆಗಳು ಊರಿಗೆಲ್ಲ ಗೊತ್ತು. ಒಮ್ಮೆ ಒಬ್ಬ ಯಜಮಾನರು ಕೊಡೆ ಹಿಡಿದು ನಿಂತು, "ಅಲ್ಲೊಂದು ಚೂರು ಉಳೀತು, ಇಲ್ಲೊಂದು ಚೂರು ಉಳೀತು" ಎಂದು ಬೆರಳು ತೋರಿಸುತ್ತಿದ್ದರಂತೆ. ಇವನು ಎದ್ದು, ಬ್ರಷ್ಷನ್ನು ಅವರ ಕೈಗೆ ಕೊಟ್ಟು, ಕೊಡೆಯನ್ನು ತಾನು ತೆಗೆದುಕೊಂಡು, "ನೀವು ಮಾಡಿ ಸ್ವಾಮಿ, ನಾನು ತೋರಿಸ್ತೀನಿ" ಅಂದನಂತೆ. ನಗುವವರು ನಕ್ಕರು. ಅವನ ಹೆಂಡತಿ ನಗಲಿಲ್ಲ. ಮೂರು ವರ್ಷ ಅವನ ಬಾಯಿ ಸಹಿಸಿ, ತವರಿಗೆ ಹೋಗಿಬರುತ್ತೇನೆಂದು ಹೋದವಳು ಬರಲೇ ಇಲ್ಲ.

ಜೊತೆಗೆ ಉಳಿದವಳು ಅಕ್ಕ ಒಬ್ಬಳೇ. ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ತಾಯಿ ಹೋದಾಗ ಅವನನ್ನು ಸೊಂಟದ ಮೇಲೆ ಹೊತ್ತುಕೊಂಡು ಬೆಳೆಸಿದವಳು. ಅವಳ ದನಿ ಏರಿದ್ದನ್ನು ಯಾರೂ ಕೇಳಿರಲಿಲ್ಲ. ತಮ್ಮ ಕೂಗಾಡುವಾಗ ಅವಳು ಪಾತ್ರೆಯನ್ನು ಇನ್ನೊಂದು ಸಲ ತೊಳೆಯುತ್ತ ನಿಲ್ಲುತ್ತಿದ್ದಳು, ಅಷ್ಟೇ. ಪಕ್ಕದ ಬೀದಿಯ ಮೂಲೆ ಮನೆಯಲ್ಲಿ ಅವಳು ಅಡುಗೆಗೆ ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ಆ ಮನೆಯ ಕಾರಿನ ದಾರಿ ತೊಳೆಯುವ ಕೆಲಸವನ್ನು ತಮ್ಮನಿಗೆ ಕೊಡಿಸಿದವಳೂ ಅವಳೇ.

ಆ ಮನೆಗೆ ಎರಡು ಗೇಟು. ದೊಡ್ಡದು ಮುಂದೆ, ಕಾರಿಗೆ ಮತ್ತು ಮನೆಯವರಿಗೆ. ಚಿಕ್ಕದು ಪಕ್ಕದಲ್ಲಿ, ಕೆಲಸದವರಿಗೆ. ಅಲ್ಲಿಂದ ಕಾಂಪೌಂಡ್ ಗೋಡೆಗೂ ಮನೆಯ ಗೋಡೆಗೂ ನಡುವೆ ಒಬ್ಬರೇ ನಡೆಯುವಷ್ಟು ಅಗಲದ ಸಂದಿ ಅಡುಗೆಮನೆಯ ಬಾಗಿಲಿಗೆ ಹೋಗುತ್ತದೆ. ಒಂದು ಶನಿವಾರ ಬೆಳಿಗ್ಗೆ ಅಕ್ಕ ಆ ಸಂದಿಯಲ್ಲಿ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಮೂರು ತಿಂಗಳು ಆ ಕೈಯಲ್ಲಿ ಏನನ್ನೂ ಎತ್ತುವ ಹಾಗಿಲ್ಲ ಎಂದರು ಡಾಕ್ಟರು. ಮೂಲೆ ಮನೆಯಮ್ಮ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕಳಿಸಿದ್ದರು. ಅದು ಸರಿ. ಆದರೆ ನಾಲ್ಕನೆಯ ದಿನ ಹೇಳಿ ಕಳಿಸಿದ ಮಾತು ಬೇರೆಯಾಗಿತ್ತು: ಸವೆದ ಚಪ್ಪಲಿ ಹಾಕಿಕೊಂಡು ಓಡಾಡಿದ್ದಕ್ಕೇ ಬಿದ್ದದ್ದು, ಪಾಪ, ಒಂದು ತಿಂಗಳು ನೋಡುತ್ತೇವೆ, ಆಮೇಲೆ ಬೇರೆಯವರನ್ನು ಇಟ್ಟುಕೊಳ್ಳಬೇಕಾಗುತ್ತದೆ.

ಪಾಚಿಯಣ್ಣನ ಪಿತ್ತ ನೆತ್ತಿಗೇರಿತು. ಅಕ್ಕ "ಬೇಡ ಕಣೋ, ನಾನೇ ಆಮೇಲೆ ಹೋಗಿ ಮಾತಾಡ್ತೀನಿ" ಅನ್ನುತ್ತಿದ್ದ ಹಾಗೆಯೇ ಅವನ ಸೈಕಲ್ ಬೀದಿ ತಿರುವು ದಾಟಿತ್ತು.

ಮೂಲೆ ಮನೆಯಮ್ಮ ಮುಂಬಾಗಿಲಲ್ಲಿ ಪೇಪರು ಹಿಡಿದು ನಿಂತಿದ್ದರು. ಇವನು ಗೇಟಿನಿಂದಲೇ ಶುರು ಮಾಡಿದ.

"ಚಪ್ಪಲಿ ಸವೆದಿತ್ತಾ ಅಮ್ಮಾ? ನಿಮ್ಮ ಮನೆಗೆ ನಡೆದೂ ನಡೆದೂ ಸವೆದಿದ್ದು ಅದು!"

"ಕೂಗಬೇಡಿ. ಒಳಗೆ ಬಂದು ಮಾತಾಡಿ."

"ಯಾಕೆ ಒಳಗೆ ಬರ್ಬೇಕು? ಬೀದಿಗೆಲ್ಲ ಕೇಳಲಿ. ನಿಮ್ಮ ಕಾರು ಜಾರಬಾರದು ಅಂತ ತಿಂಗಳಿಗೊಂದ್ಸಲ ಈ ಕಲ್ಲು ತೊಳೆಸ್ತೀರಿ. ಕೆಲ್ಸದವರು ಓಡಾಡೋ ಸಂದೀನ ಒಂದು ದಿನ ತೊಳೆಸಿದೀರಾ? ಕಾರಿಗೆ ನಾಲ್ಕು ಚಕ್ರ ಇದೆ ಅಮ್ಮಾ, ಜಾರಿದ್ರೂ ನಿಲ್ಲತ್ತೆ. ನಮ್ಮಕ್ಕಂಗಿರೋದು ಎರಡೇ ಕಾಲು!"

ಎದುರು ಮನೆಯ ಕಿಟಕಿ ತೆರೆಯಿತು. ಅದರ ಪಕ್ಕದ್ದೂ ತೆರೆಯಿತು. ಮೂಲೆ ಮನೆಯಮ್ಮ ಕೆಟ್ಟವರೇನಲ್ಲ. ನಾಲ್ಕು ಜನ ನೋಡಿದರೆ ಇನ್ನಷ್ಟು ಒಳ್ಳೆಯವರಾಗುತ್ತಿದ್ದರು. ಪೇಪರು ಮಡಿಸಿ, ದನಿ ತಗ್ಗಿಸಿ, "ನೀವು ಹೇಳೋದ್ರಲ್ಲೂ ನ್ಯಾಯ ಇದೆ" ಎಂದರು. "ಆ ದಾರಿ ಕಡೆ ನಾನು ಗಮನ ಕೊಡಬೇಕಿತ್ತು. ಆಯ್ತು, ಮೂರು ತಿಂಗಳು ನಾನೇ ಹೇಗೋ ಅಡುಗೆ ಮಾಡ್ಕೋತೀನಿ. ಬೇರೆ ಯಾರನ್ನೂ ಇಟ್ಕೊಳ್ಳಲ್ಲ. ಅವರು ಗುಣ ಆಗಿ ಬರಲಿ. ನೀವು ಇವತ್ತೇ ಆ ಸಂದಿ ತೊಳೆದುಬಿಡಿ."

ಗೆದ್ದಿದ್ದ! ಇಷ್ಟು ಬೇಗ ಗೆದ್ದದ್ದಕ್ಕೆ ಅವನಿಗೆ ಕೊಂಚ ನಿರಾಸೆಯೇ ಆಯಿತು. ಇನ್ನೂ ಅರ್ಧ ಗಂಟೆಗಾಗುವಷ್ಟು ಮಾತು ಬಾಯಲ್ಲಿತ್ತು. ಅದನ್ನು ನುಂಗಿಕೊಂಡು, ಸೈಕಲ್ಲಿಗೆ ಕಟ್ಟಿದ್ದ ಬಕೆಟ್ಟು, ಬ್ರಷ್ಷು ಬಿಚ್ಚಿಕೊಂಡು ಪಕ್ಕದ ಗೇಟಿನಿಂದ ಒಳಗೆ ಹೋದ. ಆರು ವರ್ಷದಿಂದ ಆ ಮನೆಗೆ ಬರುತ್ತಿದ್ದರೂ ಆ ಸಂದಿಯೊಳಗೆ ಅವನು ಕಾಲಿಟ್ಟದ್ದು ಅದೇ ಮೊದಲು.

ಸಂದಿಯಲ್ಲಿ ಬೆಳಕೇ ಇರಲಿಲ್ಲ. ಎರಡೂ ಗೋಡೆಗಳು ಒಸರುತ್ತಿದ್ದವು. ನೆಲದ ಮೇಲಿನ ಪಾಚಿ ಬೆರಳು ದಪ್ಪವಿತ್ತು. ಅವನು ಗೋಡೆ ಹಿಡಿದುಕೊಂಡು ಕುಕ್ಕರುಗಾಲಲ್ಲಿ ಕೂತು, ಚಾಕುವಿನಿಂದ ಒಂದು ಪದರ ಎಬ್ಬಿಸಿದ. ಪಾಚಿ ತಾನಾಗಿ ಬೆಳೆದರೆ ಹೀಗೆ ಪದರ ಪದರವಾಗಿರುವುದಿಲ್ಲ. ಇದು ಯಾವುದೋ ನೀರು ಹರಿದು ಬಂದು, ನಿಂತು, ಇಂಗಿ, ಮತ್ತೆ ಹರಿದು ಬಂದು ಕಟ್ಟಿದ್ದು. "ಯಾವ ಮುಂಡೇಗಂಡ ಇಲ್ಲಿಗೆ ರಾಡಿ ಬಿಟ್ಟಿದ್ದು?" ಎಂದು ಜೋರಾಗಿಯೇ ಕೇಳಿದ. ಇನ್ನೊಂದು ಪದರ ಎಬ್ಬಿಸಿದ. ಅದರಲ್ಲಿ ಬ್ಲೀಚಿಂಗ್ ಪೌಡರಿನ ಬಿಳಿ ಇತ್ತು. ಬಿಳಿಯ ನಡುವೆ ನೀಲಿ ಎಳೆಗಳು ಅಂಟಿಕೊಂಡಿದ್ದವು. ಚಿವುಟಿ ಎತ್ತಿ ನೋಡಿದ. ಕೈಯಲ್ಲಿದ್ದ ಬ್ರಷ್ಷಿನ ಪಕ್ಕಕ್ಕೆ ಹಿಡಿದ. ಬೇರೆ ಹೇಳಬೇಕಾಗಿರಲಿಲ್ಲ.

ಆ ಮನೆಯಲ್ಲಿ ಗುಂಡಿ ಇದ್ದದ್ದು ಹಿತ್ತಲಿನ ಆ ತುದಿಯಲ್ಲಿ. ರಾಡಿ ಹೊರಬೇಕೆಂದರೆ ಇಡೀ ಮನೆ ಸುತ್ತಬೇಕು, ಹತ್ತು ಹದಿನೈದು ಬಕೆಟ್ಟು. ಕಾರಿನ ದಾರಿಯ ಅಂಚಿನಲ್ಲಿ ಒಂದು ಕಡೆ ಕಲ್ಲು ಬಿಟ್ಟುಹೋಗಿ ಅಂಗೈ ಅಗಲದ ಕಿಂಡಿಯಾಗಿತ್ತು. ಪೊರಕೆಯಿಂದ ಅಲ್ಲಿಗೆ ತಳ್ಳಿದರೆ ಎರಡು ನಿಮಿಷದಲ್ಲಿ ಎಲ್ಲ ಮಾಯ. ರಸ್ತೆಗೆ ಹೋಗುತ್ತಿರಲಿಲ್ಲ, ಮನೆಯವರ ಕಣ್ಣಿಗೆ ಬೀಳುತ್ತಿರಲಿಲ್ಲ. ಆ ಕಡೆಯ ಸಂದಿಗಿಳಿದು ಅದು ಎಲ್ಲಿ ನಿಲ್ಲುತ್ತದೆ ಎಂದು ಅವನು ಬಗ್ಗಿ ನೋಡಿರಲಿಲ್ಲ. ಅದೇನು ದಾರಿಯೇ, ಸಂದಿ ತಾನೇ! ಮನೆಯಮ್ಮ ಹೇಗೆ ಎಣಿಸಿದ್ದರೋ ಇವನೂ ಹಾಗೆಯೇ ಎಣಿಸಿದ್ದ. ದಿನಾ ಎರಡು ಹೊತ್ತು ಅಲ್ಲಿ ಓಡಾಡುವ ಪಾದ ತನ್ನ ಅಕ್ಕನದು ಎಂಬುದು ಅವನ ತಲೆಗೆ ಹೊಳೆದೇ ಇರಲಿಲ್ಲ.

ಇನ್ನೊಬ್ಬನಾಗಿದ್ದರೆ ಅಲ್ಲೇ ಕೂತು ಒಂದಿಷ್ಟು ಹೊತ್ತು ಯೋಚಿಸುತ್ತಿದ್ದ. ಮನೆಗೆ ಹೋಗಿ ಅಕ್ಕನ ಮುಂದೆ ತಲೆ ತಗ್ಗಿಸುತ್ತಿದ್ದ. ಪಾಚಿಯಣ್ಣನಿಗೆ ತಲೆ ತಗ್ಗಿಸುವುದು ಗೊತ್ತಿರಲಿಲ್ಲ, ಬಾಯಿ ತೆರೆಯುವುದೊಂದೇ ಗೊತ್ತು. ಅಡುಗೆಮನೆಯ ಕಿಟಕಿಗೆ ಹೋಗಿ ಸರಳು ಹಿಡಿದು ಅಲ್ಲಾಡಿಸಿದ.

"ಅಮ್ಮಾ! ನಂದೇ ತಪ್ಪು! ನನ್ನ ರಾಡಿ ಇದು! ಆರು ವರ್ಷದಿಂದ ನಾನೇ ತಳ್ಳಿದ್ದು! ಕೇಳಿಸ್ತಾ?"

ಮೂಲೆ ಮನೆಯಮ್ಮ ಬಂದು ನಿಂತರು. ನಿಧಾನವಾಗಿ ಕೇಳಿಸಿಕೊಂಡರು. ಇಲ್ಲಿ ನೋಡುವ ನೆರೆಮನೆಯ ಕಿಟಕಿಗಳು ಯಾವುವೂ ಇರಲಿಲ್ಲ.

"ಹಾಗಾದ್ರೆ ನಮ್ಮ ತಪ್ಪೇನಿಲ್ಲ ಅಂತಾಯ್ತು."

"ಹೆಂಗಿಲ್ಲ? ನೀವು ಒಂದು ದಿನ ಈ ಸಂದೀನ ಇಣುಕಿ ನೋಡಿದ್ರಾ?"

"ನೀವು ನೋಡಿದ್ರಾ?"

ಅವನು ಕಿಟಕಿಯ ಸರಳು ಬಿಟ್ಟ.

"ಬೀದಿ ಜನರ ಮುಂದೆ ನನ್ನ ಮಾನ ಕಳೆದ್ರಿ" ಎಂದರು ಅವರು. "ಇದು ನಿಮ್ಮ ಅಕ್ಕ ತಮ್ಮನ ಮಧ್ಯದ ವಿಷಯ. ನಾಳೆ ಅಡುಗೆಗೆ ಬೇರೆಯವರಿಗೆ ಬರೋಕೆ ಹೇಳ್ತೀನಿ. ನಿಮ್ಮಕ್ಕಂಗೆ ತಿಳಿಸಿಬಿಡಿ." ಕಿಟಕಿ ಮುಚ್ಚಿತು.

ಮನೆಗೆ ಬಂದಾಗ ಅಕ್ಕ ನೆಲದ ಮೇಲೆ ಕೂತು, ಎಡಗೈಯಲ್ಲಿ ಈರುಳ್ಳಿ ಸುಲಿಯಲು ಒದ್ದಾಡುತ್ತಿದ್ದಳು. ಬ್ಯಾಂಡೇಜಿನ ಬಲಗೈ ಮಡಿಲಲ್ಲಿತ್ತು. ಅವನು ನಿಂತುಕೊಂಡೇ ಎಲ್ಲವನ್ನೂ ಒದರಿದ: ಗೆದ್ದದ್ದು, ನೀಲಿ ಎಳೆ, ಕಿಟಕಿ, ಹೋದ ಕೆಲಸ. ಅಕ್ಕ ಈರುಳ್ಳಿಯನ್ನು ಕೆಳಗಿಟ್ಟಳು.

"ನಂಗೆ ಗೊತ್ತಿತ್ತು ಕಣೋ."

"ಏನು ಗೊತ್ತಿತ್ತು?"

"ನಿನ್ನ ರಾಡಿ ಅಂತ. ನೀನು ಬಂದು ಹೋದಾಗಲೆಲ್ಲ ನಾನು ಗೋಣಿಚೀಲ ಹಾಸ್ಕೊಂಡು ಅದರ ಮೇಲೆ ಓಡಾಡ್ತಿದ್ದೆ. ಅವತ್ತು ನೆಂಟರು ಬರೋರಿದ್ರು, ಅಸಹ್ಯ ಕಾಣತ್ತೆ ಅಂತ ಅಮ್ಮಾವ್ರು ಚೀಲ ಎತ್ತಿಸಿ ಎಸೆಸಿಬಿಟ್ರು. ಹಿಂದಿನ ದಿನ ತಾನೇ ನೀನು ತೊಳೆದು ಹೋಗಿದ್ದೆ."

"ಮತ್ಯಾಕೆ ನಂಗೆ ಹೇಳ್ಲಿಲ್ಲ?" ಎಂದು ಅವನು ಅರಚಿದ.

"ಎರಡು ಸಲ ಹೇಳೋಕೆ ಬಂದೆ. ಎರಡು ಸಲಾನೂ ನೀನು ಯಾರಿಗೋ ಬೈತಾ ಇದ್ದೆ."

ಅವನ ಕಿವಿಗೆ ಬಿದ್ದದ್ದು ಚೀಲದ ಮಾತು ಮಾತ್ರ. "ಚೀಲ ಎತ್ತಿಸಿದ್ದು ಆಯಮ್ಮನಾ? ಎತ್ತಿಸಿ, ನನ್ನ ಮುಂದೆ ತಪ್ಪೇನಿಲ್ಲ ಅಂದ್ಲಾ? ಈಗ್ಲೇ ಹೋಗಿ ಅವಳ..." ಅನ್ನುತ್ತ ಮತ್ತೆ ಚಪ್ಪಲಿಗೆ ಕಾಲು ತೂರಿಸಿದ.

"ಕೂತ್ಕೋ!"

ಆ ದನಿ ಯಾರದೆಂದು ಅವನು ಹಿಂತಿರುಗಿ ನೋಡಿದ. ಅಕ್ಕ ಎದ್ದು ನಿಂತಿದ್ದಳು.

"ಮುರಿದಿದ್ದು ನನ್ನ ಕೈ. ಹೋಗಿದ್ದು ನನ್ನ ಕೆಲ್ಸ. ಇಪ್ಪತ್ತೆರಡು ವರ್ಷ ಆ ಒಲೆ ಮುಂದೆ ಬೆಂದಿದ್ದು ನಾನು. ಜಗಳ ಆಡಿದ್ದು ನೀನು, ಗೆದ್ದಿದ್ದು ನೀನು, ತಪ್ಪು ಒಪ್ಕೊಂಡಿದ್ದೂ ನೀನೇ, ಅದನ್ನೂ ಕೂಗ್ಕೊಂಡೇ! ನಡುವೆ ಒಂದ್ಸಲ ಮನೆಗೆ ಬಂದು, ಅಕ್ಕಾ ಏನ್ಮಾಡ್ಲಿ ಅಂತ ಕೇಳಿದ್ಯಾ? ಸಿಟ್ಟು ನಿಂಗೊಬ್ಬಂಗೇ ಇರೋದಾ? ನಂಗಿಲ್ವಾ? ನನ್ನ ಪಾಲಿನ ಸಿಟ್ಟನ್ನೂ ನೀನೇ ಖರ್ಚು ಮಾಡಿಬಿಟ್ಯಲ್ಲೋ ಇಷ್ಟು ವರ್ಷ!"

ಅವನು ಬಾಯಿ ತೆರೆದ.

"ಮುಚ್ಚು" ಅಂದಳು. ಮುಚ್ಚಿದ.

"ನಾಳೆ ನಾನು ಹೋಗ್ತೀನಿ. ನೀನು ಗೇಟಿನ ಹೊರಗೆ ನಿಂತಿರ್ಬೇಕು. ಒಂದು ಹೆಜ್ಜೆ ಒಳಗಿಟ್ರೆ ಈ ಮನೇಲಿ ನಾನಿರಲ್ಲ."

ಮರುದಿನ ಹತ್ತು ಗಂಟೆಗೆ ಅವಳು ದೊಡ್ಡ ಗೇಟು ತೆಗೆದುಕೊಂಡು ಕಾರಿನ ದಾರಿಯ ಮೇಲೆ ನಡೆದು ಹೋದಳು. ಪಾಚಿಯಣ್ಣ ಹೊರಗೆ ನಿಂತ. ಸಣ್ಣಗೆ ಹನಿಯುತ್ತಿತ್ತು. ಒಳಗಿನಿಂದ ಅಕ್ಕನ ದನಿ ಕೇಳಿಸಿತು, ಮೊದಲು ನಡುಗುತ್ತ, ಆಮೇಲೆ ನಡುಕವಿಲ್ಲದೆ. ಚೀಲದ ಮಾತು ಬಂತು. ಇಪ್ಪತ್ತೆರಡು ವರ್ಷದ ಮಾತು ಬಂತು. ಮನೆಯಮ್ಮ ನಡುವೆ ಏನೋ ಹೇಳಹೊರಟದ್ದೂ, ಅಕ್ಕ "ನಾನು ಮುಗಿಸ್ತೀನಿ, ತಡೀರಿ" ಅಂದದ್ದೂ ಕೇಳಿಸಿತು. ಅವನ ಕಾಲು ಎರಡು ಸಲ ಮುಂದಕ್ಕೆ ಹೋಯಿತು. ಎರಡು ಸಲವೂ ಗೇಟಿನ ಕಂಬಿ ಹಿಡಿದು ನಿಂತ.

ಅವಳು ಹೊರಗೆ ಬಂದಾಗ ಮುಖ ಕೆಂಪಗಾಗಿತ್ತು.

"ಮೂರು ತಿಂಗಳು ಕಾಯ್ತಾರಂತೆ. ಚೀಲ ಎಸೆಸಿದ್ದು ತಪ್ಪಾಯ್ತು ಅಂದ್ರು. ಸಂದಿ ತೊಳೆಸ್ತಾರಂತೆ."

"ಇವತ್ತೇ ತೊಳೀತೀನಿ. ಕಿಂಡೀನೂ ಮುಚ್ತೀನಿ."

"ನೀನಲ್ಲ" ಎಂದಳು ಅಕ್ಕ. "ಬೇರೆಯವರನ್ನ ಕರೀತಾರೆ."

"ಆಯಮ್ಮ ಹಾಗಂದ್ಲಾ?"

"ಇಲ್ಲ. ಅವರು ನಿನ್ನನ್ನೇ ಕರೀತೀನಿ ಅಂದ್ರು. ಬೇಡ ಅಂತ ನಾನೇ ಹೇಳ್ದೆ."