ಗ್ರಾಂ ಭಾವ

ಗ್ರಾಂ ಭಾವ ಅಂಗಡಿಗೆ ಕಾಲಿಟ್ಟರೆಂದರೆ, ಟೆಂಟು, ಟಾರ್ಚು ಮಾರುವ ಅವರ ಭಾಮೈದ ಮೊದಲು ಮಾಡುವ ಕೆಲಸ, ಅವರೊಬ್ಬರಿಗೆಂದೇ ತಂದಿಟ್ಟ ತಕ್ಕಡಿಯ ಧೂಳು ಒರೆಸುವುದು. ಕ್ಯಾಂಪಿಗೆ ಹೊರಡುವ ಮುನ್ನ ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸುವ, ಅಂಗಿಯ ಒಳಗೆ ಹೊಲಿದ ಹೆಚ್ಚುವರಿ ಗುಂಡಿಯನ್ನು ಬಿಚ್ಚಿ ಮನೆಯಲ್ಲಿಡುವ ಮಹಾನುಭಾವರು ಅವರು. "ಬೆನ್ನಿಗೂ ಭಾರ ಆಗಬಾರದು, ಜೇಬಿಗೂ ಭಾರ ಆಗಬಾರದು" ಎಂದು ಪಲ್ಲವಿ ಹಾಡುತ್ತಾ ಒಂದೊಂದೇ ಸ್ಲೀಪಿಂಗ್ ಬ್ಯಾಗನ್ನು ತಕ್ಕಡಿಗೇರಿಸುತ್ತಾರೆ. ಬೆಲೆಚೀಟಿ ಕಿತ್ತು ಮತ್ತೆ ತೂಗುತ್ತಾರೆ. ಆಮೇಲೆ ಚಪ್ಪಲಿ ಬಿಟ್ಟು, ಅಂಗಡಿಯ ನಡುವೆಯೇ ಅದರೊಳಗೆ ತೂರಿ, ಕತ್ತಿನವರೆಗೆ ಜಿಪ್ ಎಳೆದುಕೊಂಡು ಮಲಗುತ್ತಾರೆ. ಗಿರಾಕಿಗಳು ಅವರನ್ನು ದಾಟಿಕೊಂಡೇ ಓಡಾಡಬೇಕು. ಒಮ್ಮೆ ಗೊರಕೆಯನ್ನೂ ಹೊಡೆದು, ಎದ್ದು, "ನಿದ್ದೆ ಪರವಾಗಿಲ್ಲ ಕಣೋ, ಜಿಪ್ಪೇ ಸ್ವಲ್ಪ ಭಾರ" ಎಂದಿದ್ದರು. ಈ ಸಲವೂ ಎಲ್ಲಕ್ಕಿಂತ ಅಗ್ಗದ, ಈರುಳ್ಳಿ ಸಿಪ್ಪೆಯಂಥದ್ದೊಂದನ್ನು ಆರಿಸಿದರು. "ಇದರಲ್ಲಿ ಸೊಳ್ಳೆಗೂ ಬೆಚ್ಚಗಾಗಲ್ಲ ಭಾವ" ಎಂದ ಭಾಮೈದ. ಅವರು ಅದನ್ನು ಕಿವಿಗೇ ಹಾಕಿಕೊಳ್ಳದೆ, ಮೂಲೆಯಲ್ಲಿದ್ದ ಹಾಸಿಗೆಯಷ್ಟು ದಪ್ಪದ ಇನ್ನೊಂದನ್ನು, ತೂಗದೆ, ಬೆಲೆಯನ್ನೂ ಕೇಳದೆ ಎತ್ತಿಕೊಂಡರು. "ಇದು ನಿಮ್ಮಕ್ಕನಿಗೆ. ಅವಳಿಗೆ ಚಳಿ ತಡೆಯೋಕಾಗಲ್ಲ." ಭಾಮೈದ ಗಾಬರಿಯಾದ. "ಅಯ್ಯೋ, ಇಷ್ಟು ಭಾರಾನ ಬೆಟ್ಟದ ಮೇಲಕ್ಕೆ ಹೊರೋಕೆ ಅಕ್ಕನ ಕೈಲಾಗುತ್ತಾ?" ಗ್ರಾಂ ಭಾವ ಅವನನ್ನು ಪೆದ್ದನನ್ನು ನೋಡುವಂತೆ ನೋಡಿದರು. "ಅವಳ್ಯಾಕೋ ಹೊರ್ತಾಳೆ? ಅದಕ್ಕೇ ಅಲ್ವೇನೋ, ನನ್ನದರಲ್ಲಿ ಗ್ರಾಂ ಗ್ರಾಂ ಉಳಿಸೋದು!"