ಮುನಿಶಾಮಣ್ಣನ ಎರೆ

ಮುನಿಶಾಮಣ್ಣ ಕೆರೆಗೆ ಬಂದ ಕೂಡಲೇ ಗಾಳ ಹಾಕಿದವರಲ್ಲ. ಮೀನಿಗೆ ಒಡ್ಡುವ ತಿನಿಸನ್ನು, ಅವರ ಮಾತಿನಲ್ಲಿ ಎರೆಯನ್ನು, ಮೊದಲು ಒಂದು ಹಿಡಿ ಸುಮ್ಮನೆ ನೀರಿಗೆ ಚೆಲ್ಲಿ ಬೀಡಿ ಹಚ್ಚುತ್ತಿದ್ದರು. “ಮೊದಲ್ನೇದು ಪುಕ್ಸಟ್ಟೆ ಮೇಷ್ಟ್ರೇ. ಮೀನಿಗೂ ನಂಬಿಕೆ ಬರ್ಬೇಕಲ್ಲ” ಎನ್ನುತ್ತಿದ್ದರು. ಆ ಎರೆಯೋ, ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ತೆಗೆದ ಮೇಲೆ ಉಳಿಯುವ ಸತ್ತ ರೇಷ್ಮೆಹುಳು. ಅದರ ನಾತಕ್ಕೆ ಬಸ್ಸಿನಲ್ಲಿ ಅವರಿಗೆ ಯಾವಾಗಲೂ ಇಡೀ ಸೀಟು ಸಿಗುತ್ತಿತ್ತು.

ನಾನು ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ನಮ್ಮ ಸೀಮೆಯ ಕಸುಬಿನ ಮಾತುಗಳನ್ನೆಲ್ಲ ಒಟ್ಟುಮಾಡಿ ಪುಸ್ತಕ ತರುವ ಹುಚ್ಚು ಹತ್ತಿದ್ದಾಗ ಎಷ್ಟೋ ಭಾನುವಾರ ಅವರ ಪಕ್ಕ ಮೂಗು ಮುಚ್ಚಿಕೊಂಡು ಕೂತಿದ್ದೇನೆ. ಎರೆ ಎಂಬ ಮಾತು ಎಲ್ಲಿಂದ ಬಂತೆಂದು ಒಮ್ಮೆ ಕೇಳಿದೆ. ಉತ್ತರವನ್ನೂ ನಾನೇ ಕೊಟ್ಟೆ: ಎರೆಮಣ್ಣಿನಲ್ಲಿರುವುದು ಎರೆಹುಳು, ಅದನ್ನು ಗಾಳಕ್ಕೆ ಸಿಕ್ಕಿಸುವುದರಿಂದ ಎರೆ.

ಮುನಿಶಾಮಣ್ಣ ನಕ್ಕುಬಿಟ್ಟರು. “ತಲೆಕೆಳ್ಗಾಯ್ತಲ್ಲಪ್ಪ! ಮೀನು ಬಾಯಿ ಹಾಕೋ ತಿನಿಸೆಲ್ಲ ಎರೆನೇ. ರೇಷ್ಮೆಹುಳಾನೂ ಎರೆ, ರಾಗಿಹಿಟ್ಟಿನ ಉಂಡೇನೂ ಎರೆ. ತೆಲುಗ್ನೋರೂ ಎರ ಅಂತಾರೆ. ಮಣ್ಣಲ್ಲಿರೋ ಹುಳ ಎರೆಗೆ ಆಗ್ತದೆ ಅಂತ ಅದಕ್ಕೆ ಎರೆಹುಳ ಅಂದ್ರು. ನಮ್ಮಪ್ಪ ಹೇಳಿದ್ದು ಇದು. ಇದೊಂದು ಸರಿಯಾಗಿ ಬರೀರಿ ಮೇಷ್ಟ್ರೇ, ನಂಗೆ ಬೇರೇನೂ ಬೇಡ.”

ಆಗಲಿ ಎಂದು ತಲೆಯಾಡಿಸಿದೆ. ಮನೆಗೆ ಬಂದು ನನ್ನದನ್ನೇ ಬರೆದೆ. ಎಂ.ಎ. ಓದಿದವನು ನಾನೋ ಅವರೋ?

ಪುಸ್ತಕ ಅಚ್ಚಾದ ಮೇಲೆ ಹಿರಿಯ ವಿದ್ವಾಂಸರೊಬ್ಬರು ಮುನಿಶಾಮಣ್ಣ ಹೇಳಿದ್ದನ್ನೇ ಹೇಳಿ ನನ್ನ ಬೆವರಿಳಿಸಿದರು. ಆದರೂ ಒಂದು ಪ್ರತಿ ಹಿಡಿದು ಕೆರೆಗೆ ಹೋದೆ. ಮುನಿಶಾಮಣ್ಣನಿಗೆ ಓದಲು ಬಾರದು. ಬೀಡಿ ಎಸೆದು, ಪಂಚೆಗೆ ಕೈ ಒರೆಸಿಕೊಂಡು, “ನಂದು ಓದಿ” ಎಂದರು. ನಾನು ಪುಟ ತೆರೆದು, ಅಲ್ಲಿ ಇಲ್ಲದ್ದನ್ನು, ಅವರು ಹೇಳಿದ್ದನ್ನು ಹೇಳಿದಂತೆಯೇ ಗಟ್ಟಿಯಾಗಿ ಓದಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

“ನಮ್ಮಪ್ಪನ ಮಾತು ಪುಸ್ತಕಕ್ಕೆ ಬಂತು” ಎಂದು, ಆವತ್ತು ಸಿಕ್ಕಿದ್ದ ದೊಡ್ಡ ಮೀನನ್ನು ನನ್ನ ಚೀಲಕ್ಕೆ ಹಾಕಿದರು. ನಾಚಿಕೆಯಿಂದ ಮುಖವೆತ್ತಲಾಗಲಿಲ್ಲ. ಸಾರು ಮಾತ್ರ ಚೆನ್ನಾಗಿತ್ತು.

ಅದೇ ಕೊನೆಯ ಭೇಟಿ. ಎರಡನೆಯ ಮುದ್ರಣದಲ್ಲಿ ತಿದ್ದೋಣವೆಂದುಕೊಂಡಿದ್ದೆ. ಮೊದಲನೆಯದೇ ಇನ್ನೂ ಮನೆಯ ಅಟ್ಟದಲ್ಲಿದೆ. ಮುನಿಶಾಮಣ್ಣ ಈಗಿಲ್ಲ. ಮೊನ್ನೆಯ ಪರೀಕ್ಷೆಯಲ್ಲಿ ಹುಡುಗಿಯೊಬ್ಬಳು ಎರೆಯ ಮೂಲವನ್ನು ನನ್ನ ಪುಸ್ತಕದಲ್ಲಿರುವಂತೆಯೇ, ಒಂದಕ್ಷರ ತಪ್ಪದೆ ಬರೆದಿದ್ದಳು. ಪೂರ್ತಿ ಅಂಕ ಕೊಟ್ಟೆ.