ಮೊಳೆಗೊಂದು ಅಪ್ಪಣೆ

ಗೋಡೆಗೆ ಮೊಳೆ ಹೊಡೆಯುವ ಸದ್ದು ಕೇಳಿ ಎದೆ ಹಿಡಿದುಕೊಳ್ಳುವವನು ನಿಸ್ಸಂಶಯವಾಗಿ ಮನೆಯ ಮಾಲೀಕ. ಆ ಸದ್ದಡಗಿಸಲು ಸುತ್ತಿಗೆಗೆ ಹಳೆಯ ಟವೆಲ್ ಸುತ್ತುವವನು ಬಾಡಿಗೆದಾರ. ಮದರಾಸಿನ ಅಡ್ಯಾರಿನ ಬಾಡಿಗೆ ಮನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಟವೆಲ್ ಸುತ್ತುತ್ತ ಬಂದಿರುವ ನಾನು, ಕಳೆದ ವರ್ಷ ಬ್ಯಾಂಕಿನ ಸಾಲದ ಕೃಪೆಯಿಂದ ಪೋರೂರಿನಲ್ಲೊಂದು ಹಳೆಯ ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಟ್ಟೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನನಗೆ ಎರಡೂ ಕಾಲ ಒಟ್ಟಿಗೇ ಬಂದವು. ಕರಾರುಪತ್ರದಲ್ಲಿ ನಾನು ಸ್ವಹಸ್ತದಿಂದ ಸೇರಿಸಿದ ಏಕೈಕ ಷರತ್ತು: ಗೋಡೆಗೆ ಮೊಳೆ ಹೊಡೆಯಕೂಡದು.

ಅದಕ್ಕೆ ಮರುಮಾತಿಲ್ಲದೆ ಸಹಿ ಹಾಕಿದವರು ಉಪಾಧ್ಯರು. ಉಡುಪಿ ಕಡೆಯವರು, ಪುರಸೈವಾಕ್ಕಂನ ಹೋಟೆಲೊಂದರಲ್ಲಿ ಕ್ಯಾಶಿಯರು. ಇಲ್ಲಿಯ ಪದ್ಧತಿಯಂತೆ ಹಲವು ತಿಂಗಳ ಬಾಡಿಗೆಯನ್ನು ಅಡ್ವಾನ್ಸಾಗಿ ಕೊಟ್ಟರು; ಅವರು ಮನೆ ಬಿಡುವ ದಿನ ಅದನ್ನು ನಾನು ಹಿಂದಿರುಗಿಸಬೇಕು.

ಐದನೆಯ ತಿಂಗಳು ಅವರ ಫೋನ್ ಬಂತು. ಬಚ್ಚಲಿಗೂ ಹಾಲಿಗೂ ನಡುವಿನ ಗೋಡೆ ಒದ್ದೆಯಾಗಿ, ನೀರು ಕೆಳಗಿನ ಮನೆಯ ಸೀಲಿಂಗಿಗೂ ಇಳಿದಿತ್ತು. ನಾನು ಪತ್ತೇದಾರನ ಗಾಂಭೀರ್ಯದಿಂದ, ಮೊಳೆ ಹೊಡೆದಿರಾ ಎಂದು ಕೇಳಿದೆ.

“ಇಲ್ಲ ಮಾರಾಯ್ರೆ, ಕ್ಯಾಲೆಂಡರ್ ಸಹ ಕಿಟಕಿಯ ಸರಳಿಗೆ ಕಟ್ಟಿದ್ದು.”

ನಾನು ನಂಬಲಿಲ್ಲ. ಪ್ಲಂಬರ್ ಗೋಡೆ ಒಡೆದು, ಪೈಪಿಗೆ ನಾಟಿದ್ದ ತುಕ್ಕು ಹಿಡಿದ ಮೊಳೆಯೊಂದನ್ನು ಹೊರಗೆಳೆದಾಗ, ನ್ಯಾಯಾಧೀಶನಂತೆ ಉಪಾಧ್ಯರತ್ತ ತಿರುಗಿದೆ. ಅಷ್ಟರಲ್ಲಿ ನನ್ನ ಹೆಂಡತಿ, ಮದರಾಸಿನಲ್ಲೇ ಹುಟ್ಟಿ ಬೆಳೆದವಳು, ತನ್ನ ತಮಿಳುಗನ್ನಡದಲ್ಲಿ ಸಾಕ್ಷಿ ನುಡಿದಳು: “ಏನೂಂದ್ರೆ, ಗೃಹಪ್ರವೇಶದ ದಿನ ಪೆರುಮಾಳ್ ಪಟಕ್ಕೆ ನೀವು ಹೊಡೆದ ಆಣಿ ಅಲ್ವಾ ಇದು?”

ಅದೇ. ಪೂಜೆ ಮುಗಿಸಿ ಪಟ ಇಳಿಸಿದ ಮೇಲೆ, ಮೊಳೆಯ ತಲೆ ಕಂಡರೆ ಗೋಡೆಯ ಅಂದ ಕೆಡುತ್ತದೆಂದು ಅದನ್ನು ಪೂರ್ತಿ ಒಳಕ್ಕೆ ಜಡಿದು ಪುಟ್ಟಿ ಮೆತ್ತಿದವನೂ ನಾನೇ. ಇಡೀ ಮನೆಗೆ ಅದೊಂದೇ ಮೊಳೆ.

ಪೈಪು, ಗಾರೆ, ಟೈಲ್ಸು, ಕೆಳಗಿನವರ ಸೀಲಿಂಗಿಗೆ ಬಣ್ಣ. ಬಂದ ಬಾಡಿಗೆಯೆಲ್ಲ ಬ್ಯಾಂಕಿನ ಕಂತಿಗೆ ಹೋಗುತ್ತಿತ್ತು; ರಿಪೇರಿಗೆಂದು ಒಂದಿಷ್ಟು ತೆಗೆದಿಡಬೇಕೆಂಬ ಜ್ಞಾನೋದಯ ರಿಪೇರಿ ಬಂದ ಮೇಲಷ್ಟೇ ಆಗುವಂಥದ್ದು. ಕೊನೆಗೆ ಅಡ್ವಾನ್ಸಿಗೆ ಕೈ ಹಾಕಿದೆ. ನನ್ನ ಮೊಳೆ ಮಾಡಿದ ತೂತು ಉಪಾಧ್ಯರ ದುಡ್ಡಿನಿಂದ ಮುಚ್ಚಿತು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು: ಇವರು ನಾಳೆಯೇ ಮನೆ ಬಿಟ್ಟರೆ ಎಲ್ಲಿಂದ ತಂದುಕೊಡಲಿ? ಅಂದಿನಿಂದ ಫೋನಿನಲ್ಲಿ ಅವರ ಹೆಸರು ಮೂಡಿದರೆ ಸಾಕು, ನನ್ನ ಕಾಫಿ ಆರಿಹೋಗುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಉಪಾಧ್ಯರು ಸಾಕ್ಷಾತ್ ನಮ್ಮ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಬಾಳೆಹಣ್ಣು, ಮೈಸೂರುಪಾಕು. ಮನೆ ಬಿಡುವ ಸಭ್ಯರು ಬರಿಗೈಯಲ್ಲಿ ಬರುವುದಿಲ್ಲವೆಂದು ನನಗೆ ಗೊತ್ತು. “ಸರ್, ಹೇಳ್ಲಿಕ್ಕೆ ಸಂಕೋಚ ಆಗ್ತದೆ...” ಎಂದು ಅವರು ಶುರುಮಾಡುವಷ್ಟರಲ್ಲಿ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಅಡ್ವಾನ್ಸನ್ನು ಖರ್ಚು ಮಾಡಿದ್ದೇನೆ, ಆರು ತಿಂಗಳ ಅವಧಿ ಕೊಡಿ ಎಂದೆಲ್ಲ ಒಂದೇ ಉಸಿರಿಗೆ ಒಪ್ಪಿಕೊಂಡುಬಿಟ್ಟೆ.

ಉಪಾಧ್ಯರು ಕಕ್ಕಾಬಿಕ್ಕಿಯಾದರು. “ನಾವು ಎಲ್ಲಿಗೆ ಹೋಗುದು ಸರ್? ಮಗಳಿಗೆ ಅಲ್ಲೇ ಹತ್ತಿರ ಶಾಲೆಯಲ್ಲಿ ಸೀಟು ಸಿಕ್ಕಿತು, ಅದರ ಸ್ವೀಟು ಇದು. ಮತ್ತೆ... ಅಮ್ಮ ಹೋಗಿ ವರ್ಷ ಆಗ್ತಾ ಬಂತು. ಅವರ ಪಟ ಇನ್ನೂ ಪೆಟ್ಟಿಗೆಯಲ್ಲೇ ಉಂಟು. ಒಂದೇ ಒಂದು ಮೊಳೆ ಹೊಡೀಬಹುದಾ?”

ಎದೆಯ ಮೇಲಿದ್ದ ಕಲ್ಲು ಇಳಿದ ರಭಸಕ್ಕೆ, “ಒಂದೇನು, ಹತ್ತು ಹೊಡೀರಿ!” ಎಂದು ಕೂಗಿದೆ. “ಪೈಪಿಲ್ಲದ ಗೋಡೆಗೆ” ಎಂದು ಒಳಗಿನಿಂದ ಹೆಂಡತಿಯ ತಿದ್ದುಪಡಿ ಬಂತು.

ಉಪಾಧ್ಯರು ಹೋದ ಮೇಲೂ ಆ ಪೆಟ್ಟಿಗೆ ನನ್ನ ಕಣ್ಣ ಮುಂದಿನಿಂದ ಹೋಗಲಿಲ್ಲ. ನನ್ನ ದೇವರ ಪಟಕ್ಕೆ ಯಾರ ಅಪ್ಪಣೆಯನ್ನೂ ಕೇಳದೆ ಮೊಳೆ ಹೊಡೆದಿದ್ದೆ; ನನ್ನದೊಂದು ಷರತ್ತಿಗಾಗಿ ಒಬ್ಬ ತಾಯಿ ಕತ್ತಲಲ್ಲಿ ಕೂತಿದ್ದಳು.

ಮುಂದಿನ ಭಾನುವಾರ ಪ್ಲಂಬರನನ್ನು ಕರೆದುಕೊಂಡೇ ಪೋರೂರಿಗೆ ಹೋದೆ. ಅವನು ಪೈಪಿನ ದಾರಿಯನ್ನು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಟ್ಟ. ಉಪಾಧ್ಯರು ಸುತ್ತಿಗೆ ತಂದರು. ನೋಡಿದರೆ, ಅದಕ್ಕೊಂದು ಟವೆಲ್ ಸುತ್ತಿದ್ದರು. ನಾನೇ ಅದನ್ನು ಬಿಚ್ಚಿದೆ. ಮೊದಲ ಪೆಟ್ಟು ಕೆಳಗಿನ ಮನೆಗೂ ಕೇಳುವಂತೆ ಬಿತ್ತು. ಈ ಸಲ ನಾನು ಎದೆ ಹಿಡಿದುಕೊಳ್ಳಲಿಲ್ಲ. ಎರಡೂ ಕೈಗಳಲ್ಲಿ ಅವರ ಅಮ್ಮನ ಪಟವಿತ್ತು.